ಕಪ್ಪು ಕಾರಿನ ಮೇಲೆ ಬಿಸಿಲಿನಲ್ಲಿ ಸುತ್ತು ಸುತ್ತು ಗೀರು: ಮನೆಯಲ್ಲಿ ತೊಳೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕಪ್ಪು ಕಾರು, ತಗೊಂಡು ಇನ್ನೂ ವರ್ಷ ತುಂಬಿಲ್ಲ. ನೆರಳಿನಲ್ಲಿ ನಿಂತಾಗ ಹೊಸದರ ಹಾಗೇ ಇದೆ. ಬಿಸಿಲು ಬಿದ್ದರೆ ಮಾತ್ರ ಬಾನೆಟ್ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಗೀರುಗಳು ಕಾಣುತ್ತವೆ. ರಾತ್ರಿ ದೀಪದ ಕೆಳಗೆ ನಿಲ್ಲಿಸಿದರೂ ಅಷ್ಟೇ.

ಕಾರು ತೊಳೆಯುವುದು ನಾನೇ, ಬೇರೆ ಯಾರಿಗೂ ಕೊಡುವುದಿಲ್ಲ. ದಿನಾ ಬೆಳಗ್ಗೆ ಒಣ ಬಟ್ಟೆಯಲ್ಲಿ ದೂಳು ಒರೆಸುತ್ತೇನೆ. ವಾರಕ್ಕೊಮ್ಮೆ ಬಕೆಟ್‌ನಲ್ಲಿ ಶಾಂಪೂ ಕಲಸಿ ಸ್ಪಂಜಿನಲ್ಲಿ ಉಜ್ಜಿ, ಮಗ್‌ನಲ್ಲಿ ನೀರು ಹಾಕಿ, ಹಳೆಯ ಮೆತ್ತನೆ ಟವೆಲ್‌ನಲ್ಲಿ ಒರೆಸುತ್ತೇನೆ. ಜೋರಾಗಿ ಉಜ್ಜುವುದೂ ಇಲ್ಲ.

ಬದಲಿಸಬೇಕಾಗಿರುವುದು ಶಾಂಪೂನಾ, ಬಟ್ಟೆನಾ? ಈಗ ಬಂದಿರುವ ಗೀರು ಹೋಗುತ್ತವಾ? ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಾರು ನಿಲ್ಲಿಸುವುದು ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್‌ನಲ್ಲಿ. ಅಲ್ಲಿ ನಲ್ಲಿ ಇಲ್ಲ, ಪ್ಲಗ್ ಪಾಯಿಂಟ್ ಕೂಡ ಇಲ್ಲ. ನೀರು ಬಕೆಟ್‌ನಲ್ಲಿ ಹೊತ್ತು ತರಬೇಕು.

ಉತ್ತರ 1

ಪ್ರೆಶರ್ ವಾಷರ್ ತಗೊಳ್ಳಿ, ಜೊತೆಗೆ ನೊರೆ ಹೊಡೆಯುವ ಗನ್. ನೊರೆ ಹೊಡೆದು ಐದು ನಿಮಿಷ ಬಿಟ್ಟು ನೀರು ಹೊಡೆದರೆ ಮುಕ್ಕಾಲು ಕೊಳೆ ತಾನಾಗೇ ಇಳಿಯುತ್ತದೆ. ಅಗಲವಾಗಿ ಹರಡುವ ನಾಜಲ್ ಹಾಕಿ, ಒಂದು ಅಡಿ ದೂರದಿಂದ ಹೊಡೆಯಿರಿ. ಪೇಂಟ್ ಎದ್ದಿರುವ ಜಾಗ, ಸ್ಟಿಕ್ಕರ್ ಅಂಚು ಇದ್ದರೆ ಇನ್ನೂ ದೂರ ಇರಲಿ.

ಪ್ರಶ್ನೆ ಕೇಳಿದವರು

ಧನ್ಯವಾದ. ಆದರೆ ಕರೆಂಟ್ ಇಲ್ಲದ ಕಡೆ ಅದು ಆಗಲ್ಲ ಅಲ್ವಾ? ಬಕೆಟ್‌ನಲ್ಲೇ ಮುಗಿಯುವ ದಾರಿ ಬೇಕು.

ಉತ್ತರ 2

ನಾನು ಕಾರಿನ ಪೇಂಟ್ ಪಾಲಿಶ್ ಕೆಲಸ ಮಾಡುವವನು. ನೀವು ಹೇಳಿದಂಥ ಗೀರುಗಳನ್ನು ತೆಗೆಯುವುದೇ ನನ್ನ ಕಸುಬು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಶಾಂಪೂವಿನಲ್ಲಿ ತಪ್ಪಿಲ್ಲ. ಟವೆಲ್ಲಿನದೂ ಅರ್ಧ ಮಾತ್ರ. ಗೀರು ಹಾಕುವುದು ಬಟ್ಟೆಗೂ ಪೇಂಟಿಗೂ ನಡುವೆ ಸಿಕ್ಕಿಕೊಂಡ ಮರಳಿನ ಕಣ. ರಸ್ತೆಯ ದೂಳಿನಲ್ಲಿ ಸ್ಫಟಿಕ ಶಿಲೆಯ ಪುಡಿ ಇರುತ್ತದೆ. ಅದು ಗಾಜನ್ನೇ ಗೀಚುವಷ್ಟು ಗಟ್ಟಿ. ಕಾರಿನ ಪೇಂಟಿನ ಮೇಲ್ಪದರ, ಅಂದರೆ ಕ್ಲಿಯರ್ ಕೋಟ್, ಗಾಜಿಗಿಂತ ಎಷ್ಟೋ ಮೆತ್ತಗೆ. ಬಟ್ಟೆ ಎಷ್ಟೇ ನಯವಾಗಿದ್ದರೂ ಅದರಡಿ ಒಂದು ಕಣ ಸಿಕ್ಕಿಕೊಂಡರೆ ಸಾಕು, ನೀವು ಎಳೆದಷ್ಟು ಉದ್ದಕ್ಕೂ ಗೆರೆ ಬೀಳುತ್ತದೆ.

ಆದ್ದರಿಂದ ಮೊದಲು ನಿಲ್ಲಿಸಬೇಕಾದದ್ದು ದಿನಾ ಬೆಳಗ್ಗೆ ಒಣ ಬಟ್ಟೆಯಲ್ಲಿ ಒರೆಸುವುದು. ನನ್ನ ಹತ್ತಿರ ಬರುವ ಕಾರುಗಳಲ್ಲಿ ಅತಿ ಹೆಚ್ಚು ಗೀರು ಇರುವುದು ದಿನಾ ಒರೆಸಿಸಿಕೊಳ್ಳುವ ಕಾರುಗಳಲ್ಲೇ. ತಿಂಗಳುಗಟ್ಟಲೆ ದೂಳು ಹಿಡಿದು ನಿಂತ ಕಾರನ್ನು ಸರಿಯಾಗಿ ತೊಳೆದರೆ ಒಳಗಿನ ಪೇಂಟ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಸುಮ್ನೆ ಕೂತ ದೂಳು ಪೇಂಟನ್ನು ಗೀಚುವುದಿಲ್ಲ, ಅದನ್ನು ಒಣಗಿದ್ದಾಗಲೇ ಎಳೆದಾಡಿದರೆ ಗೀಚುತ್ತದೆ. ಕಾರು ಎರಡು ದಿನ ದೂಳಾಗಿ ಕಾಣಲಿ, ಬಿಡಿ. ಗಾಜು ಮತ್ತು ಕನ್ನಡಿ ಮಾತ್ರ ಒದ್ದೆ ಮಾಡಿ ಒರೆಸಿಕೊಂಡು ಹೊರಡಿ.

ಕ್ಲಿಯರ್ ಕೋಟ್ ಎಷ್ಟು ತೆಳು ಅನ್ನುವುದೂ ತಿಳಿದಿರಲಿ. ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ನಾವು ಪಾಲಿಶ್ ಮಾಡಿದಾಗ ಗೀರನ್ನು ತುಂಬುವುದಿಲ್ಲ, ಗೀರಿನ ತಳ ಮುಟ್ಟುವವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸುತ್ತೇವೆ. ಪ್ರತಿ ಸಲ ಪದರ ತೆಳುವಾಗುತ್ತಲೇ ಹೋಗುತ್ತದೆ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ ಪದರ. ಹಾಗಾಗಿ ನಿಮ್ಮ ಗೀರುಗಳು ಪಾಲಿಶ್‌ನಿಂದ ಹೋಗುತ್ತವೆ, ಆದರೆ ತೊಳೆಯುವ ರೀತಿ ಬದಲಾಗುವ ಮೊದಲು ಪಾಲಿಶ್ ಮಾಡಿಸಬೇಡಿ. ಉಗುರು ಆಡಿಸಿ ನೋಡಿ. ಉಗುರಿಗೆ ತಗುಲದ ಗೀರು ಮೇಲಿನದು. ಉಗುರು ಸಿಕ್ಕಿಕೊಂಡರೆ ಅದು ಆಳಕ್ಕೆ ಹೋಗಿದೆ, ಬರೀ ಪಾಲಿಶ್‌ನಿಂದ ಪೂರ್ತಿ ತೆಗೆಯುವುದು ಕಷ್ಟ.

ಈಗ ಬಕೆಟ್ ವಿಷಯ. ಒಂದಲ್ಲ, ಎರಡು ಬಕೆಟ್ ಬೇಕು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒಂದೇ ಬಕೆಟ್ ಇದ್ದಾಗ ಬಾಗಿಲಿನಿಂದ ತೆಗೆದ ಮರಳನ್ನು ನೀವೇ ಮತ್ತೆ ಬಾನೆಟ್ ಮೇಲೆ ತಂದು ಉಜ್ಜುತ್ತಿರುತ್ತೀರಿ. ಎರಡಿದ್ದರೆ, ಒಂದು ಭಾಗ ತೊಳೆದ ಕೂಡಲೇ ಬಟ್ಟೆಯನ್ನು ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಹಿಂಡಿ, ಆಮೇಲೆ ಶಾಂಪೂ ನೀರಿಗೆ ಅದ್ದುವುದು. ಕೆಲಸ ಮುಗಿದ ಮೇಲೆ ಆ ಎರಡನೇ ಬಕೆಟ್ಟಿನ ತಳ ನೋಡಿ. ಅಲ್ಲಿ ಕೂತ ಮರಳೆಲ್ಲ ಮೊದಲು ನಿಮ್ಮ ಪೇಂಟಿನ ಮೇಲೆ ಓಡಾಡುತ್ತಿತ್ತು. ತಳದಲ್ಲಿ ಇಡುವ ಪ್ಲಾಸ್ಟಿಕ್ ಜಾಲರಿ ಸಿಗುತ್ತದೆ. ಕೆಳಗೆ ಕೂತ ಮರಳು ಕೈಯಾಡಿಸಿದಾಗ ಮೇಲೇಳದಂತೆ ಅದು ತಡೆಯುತ್ತದೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಸ್ಪಂಜು ಬಿಟ್ಟುಬಿಡಿ. ಅದರ ಮುಖ ಚಪ್ಪಟೆ, ಕಣಕ್ಕೆ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಉದ್ದ ಎಳೆಯ ಮೈಕ್ರೋಫೈಬರ್ ಕೈಗವಸು ಬರುತ್ತದೆ, ಅದರ ಎಳೆಗಳ ನಡುವೆ ಕಣ ಒಳಕ್ಕೆ ಸರಿದುಕೊಳ್ಳುತ್ತದೆ. ಕೈ ಭಾರವನ್ನೂ ಹಾಕಬೇಡಿ. ಕೈಗವಸು ತನ್ನ ತೂಕದಲ್ಲೇ ಜಾರಲಿ.

ಮುಟ್ಟುವ ಮೊದಲು ನೆನೆಸಬೇಕು. ಇದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಅವಸರ ಮಾಡುವುದೂ ಇಲ್ಲೇ. ನಿಮಗೆ ಪೈಪ್ ಇಲ್ಲವಲ್ಲ, ಗಿಡಗಳಿಗೆ ನೀರು ಸಿಂಪಡಿಸುವ ಕೈಪಂಪಿನ ಸ್ಪ್ರೇಯರ್ ತಗೊಳ್ಳಿ. ಹೊಸದೇ ಇರಲಿ, ಔಷಧಿ ಹಾಕಿದ್ದು ಬೇಡ. ಸ್ವಲ್ಪ ಶಾಂಪೂ ಬೆರೆಸಿ ಇಡೀ ಕಾರಿಗೆ ಸಿಂಪಡಿಸಿ ಮೂರು ನಾಲ್ಕು ನಿಮಿಷ ಬಿಡಿ, ಒಣಗಲು ಮಾತ್ರ ಬಿಡಬೇಡಿ. ಆಮೇಲೆ ಮಗ್‌ನಲ್ಲಿ ಮೇಲಿನಿಂದ ನೀರು ಸುರಿಯುತ್ತಾ ಬನ್ನಿ. ಕೈ ತಾಗಿಸದೆ ಎಷ್ಟು ಕೊಳೆ ಇಳಿಯುತ್ತದೋ ಅಷ್ಟು ಗೀರು ಕಡಿಮೆ.

ತೊಳೆಯುವಾಗ ರೂಫ್‌ನಿಂದ ಶುರು ಮಾಡಿ. ಗಾಜು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲರ್ಧ, ಕೊನೆಗೆ ಬಾಗಿಲುಗಳ ಕೆಳಗಿನ ಭಾಗ ಮತ್ತು ಬಂಪರ್. ಟೈರ್ ಎರಚುವ ಮಣ್ಣೆಲ್ಲ ಕೆಳಗೇ ಇರುತ್ತದೆ. ಚಕ್ರಗಳಿಗೆ ಬೇರೆ ಬಟ್ಟೆ, ಬೇರೆ ನೀರು. ಬ್ರೇಕ್ ಸವೆದು ಉದುರಿದ ಕಬ್ಬಿಣದ ಪುಡಿ ಅಲ್ಲಿ ಕೂತಿರುತ್ತದೆ, ಅದು ಪೇಂಟಿನ ಮೇಲೆ ಬರಲೇಬಾರದು.

ಕೈಯನ್ನು ಸುತ್ತು ಸುತ್ತಾಗಿ ಆಡಿಸಬೇಡಿ, ನೇರವಾಗಿ ಎಳೆಯಿರಿ. ನೇರ ಎಳೆದರೆ ಗೀರೇ ಬೀಳುವುದಿಲ್ಲ ಎಂದಲ್ಲ. ನಿಮ್ಮ ಬಾನೆಟ್ ಮೇಲಿನ ಗೀರುಗಳೂ ನಿಜಕ್ಕೆ ವೃತ್ತಗಳಲ್ಲ. ಎಲ್ಲ ದಿಕ್ಕಿಗೂ ಹೋಗುವ ಗೀರುಗಳಿರುತ್ತವೆ, ಅವುಗಳಲ್ಲಿ ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆಯುತ್ತವೆ, ಅದಕ್ಕೇ ಸೂರ್ಯನ ಸುತ್ತ ಬಳೆಯಾಗಿ ಕಾಣುತ್ತವೆ. ಒಂದೇ ದಿಕ್ಕಿನ ಗೀರು ಎಲ್ಲ ಕಡೆಯಿಂದ ಕಣ್ಣಿಗೆ ಬೀಳುವುದಿಲ್ಲ. ಅಷ್ಟೇ ಲಾಭ, ಆದರೆ ಕಪ್ಪು ಕಾರಿಗೆ ಅದು ದೊಡ್ಡ ಲಾಭ.

ಬಟ್ಟೆ ನೆಲಕ್ಕೆ ಬಿದ್ದರೆ ಆವತ್ತು ಅದರ ಕೆಲಸ ಮುಗಿಯಿತು. ಜಾಲಿಸಿದರೂ ಮತ್ತೆ ಪೇಂಟಿಗೆ ಹಚ್ಚಬೇಡಿ.

ಉತ್ತರ 3

ಶಾಂಪೂಗೆ ಯಾಕೆ ದುಡ್ಡು ಹಾಕಬೇಕು? ನಾನು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲೇ ತೊಳೆಯುತ್ತೇನೆ. ಪೇಂಟಿಗೆ ಏನೂ ಆಗಿಲ್ಲ.

ಉತ್ತರ 2 ಬರೆದವರು

ಅದು ಪೇಂಟನ್ನು ತಿಂದುಹಾಕುವುದಿಲ್ಲ, ಆ ಮಾತು ಒಪ್ಪುತ್ತೇನೆ. ಆದರೆ ಅದನ್ನು ಮಾಡಿರುವುದು ಜಿಡ್ಡು ತೆಗೆಯಲು. ಮೇಲೆ ಹಚ್ಚಿದ ವ್ಯಾಕ್ಸ್ ಕೂಡ ಅದರ ಜೊತೆ ಹೋಗುತ್ತಾ ಬರುತ್ತದೆ. ವ್ಯಾಕ್ಸ್ ಇದ್ದರೆ ಕೊಳೆ ಗಟ್ಟಿಯಾಗಿ ಅಂಟುವುದಿಲ್ಲ, ಅರ್ಧ ನೀರಿಗೇ ಇಳಿಯುತ್ತದೆ, ಕಡಿಮೆ ಉಜ್ಜಿದರೆ ಸಾಕಾಗುತ್ತದೆ. ಇನ್ನು ಕಾರ್ ಶಾಂಪೂವಿನ ಮುಖ್ಯ ಗುಣ ಜಾರಿಕೆ. ಕಣ ಪೇಂಟಿಗೆ ಒತ್ತಿಕೊಳ್ಳದೆ ಜಾರಿ ಹೋಗಲು ಅದು ಬೇಕು. ಹಾಗೆಂದು ಜಾಸ್ತಿ ಸುರಿಯುವುದೂ ಬೇಡ, ಬಾಟಲಿ ಮೇಲಿನ ಅಳತೆ ಸಾಕು.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಎರಡು ಅನುಮಾನ. ದಿನಾ ಒರೆಸುವ ಬದಲು ಬಾಡಿ ಕವರ್ ಹಾಕಿಬಿಟ್ಟರೆ ಆಗುತ್ತದಾ? ಒಣಗಿಸುವುದಕ್ಕೆ ಯಾವ ಬಟ್ಟೆ?

ಉತ್ತರ 4

ನೀರು ಹೊತ್ತು ತರುವುದೇ ಕಷ್ಟ ಎಂದರೆ ರಿನ್ಸ್‌ಲೆಸ್ ವಾಶ್ ನೋಡಿ, ಅಂದರೆ ಒರೆಸಿದ ಮೇಲೆ ಮತ್ತೆ ನೀರು ಸುರಿದು ತೊಳೆಯಬೇಕಿಲ್ಲದ ದ್ರಾವಣ. ನಾನೂ ಅಪಾರ್ಟ್‌ಮೆಂಟಿನಲ್ಲೇ ಇರುವುದು, ಒಂದು ಬಕೆಟ್‌ನಲ್ಲಿ ಮುಗಿಯುತ್ತದೆ. ಆ ದ್ರಾವಣವನ್ನು ಅಳತೆಯಂತೆ ನೀರಿಗೆ ಬೆರೆಸಿ ಏಳೆಂಟು ಮೈಕ್ರೋಫೈಬರ್ ಬಟ್ಟೆ ಅದರಲ್ಲೇ ನೆನೆಹಾಕುತ್ತೇನೆ. ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತದೆ. ಒಂದು ಭಾಗ ಒರೆಸಿದ ಮೇಲೆ ಹೊಸ ಮುಖ. ಎಂಟೂ ಮುಗಿದರೆ ಹೊಸ ಬಟ್ಟೆ. ಬಳಸಿದ್ದನ್ನು ಬಕೆಟ್ಟಿಗೆ ವಾಪಸ್ ಹಾಕುವುದಿಲ್ಲ. ಆಮೇಲೆ ಮೇಲೆ ನೀರು ಸುರಿಯುವ ಕೆಲಸವೇ ಇಲ್ಲ, ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಉತ್ತರ 2 ಬರೆದವರು

ಮೇಲಿನವರು ಹೇಳಿದ್ದು ಸರಿ, ನಿಮ್ಮ ಪಾರ್ಕಿಂಗ್‌ಗೆ ಅದೇ ಹೊಂದುತ್ತದೆ. ಒಂದೇ ಮಾತು ಸೇರಿಸುತ್ತೇನೆ: ಬಟ್ಟೆ ಇಡುವ ಮೊದಲು ಅದೇ ದ್ರಾವಣವನ್ನು ಸ್ಪ್ರೇಯರ್‌ನಲ್ಲಿ ಹಾಕಿ ಆ ಭಾಗವನ್ನು ನೆನೆಸಿ. ದೂಳಿಗೆ ಇದು ಸಾಕು. ಮಳೆಯಲ್ಲಿ ಓಡಿ ಕೆಸರು ಮೆತ್ತಿಕೊಂಡಿದ್ದರೆ ಸಾಲದು. ಆವತ್ತು ನೀರು ಹೊತ್ತು ತರಲೇಬೇಕು, ಇಲ್ಲವೇ ಪೈಪ್ ಇರುವ ಕಡೆ ಹೋಗಿ ಬರೀ ನೀರು ಹೊಡೆಸಿಕೊಂಡು ಬಂದು ಮನೆಯಲ್ಲಿ ಮುಂದುವರಿಸಿ. ಅಲ್ಲಿ ಬ್ರಷ್ ಮುಟ್ಟಿಸಲು ಬಿಡಬೇಡಿ. ಹಿಂದಿನ ಕಾರಿನ ಮಣ್ಣು ಆ ಬ್ರಷ್‌ನಲ್ಲಿ ಇರುತ್ತದೆ.

ಕವರ್ ವಿಷಯ: ತೊಳೆದು ಒಣಗಿದ ಕಾರಿಗೆ, ಗಾಳಿ ಬೀಸದ ಜಾಗದಲ್ಲಿ ಹಾಕಿದರೆ ತೊಂದರೆಯಿಲ್ಲ. ದೂಳು ಕೂತ ಕಾರಿನ ಮೇಲೆ ಎಳೆದರೆ ಒಣ ಬಟ್ಟೆಯಲ್ಲಿ ಒರೆಸಿದ ಹಾಗೇ ಆಗುತ್ತದೆ, ಗಾಳಿಗೆ ಅಲುಗಾಡುತ್ತಾ ಇದ್ದರೆ ದಿನವಿಡೀ. ನೀವು ಓಡಾಡಿ ಬಂದು ರಾತ್ರಿ ಕವರ್ ಹಾಕುವವರಾದರೆ ಬೇಡವೇ ಬೇಡ.

ಒಣಗಿಸಲು ದೊಡ್ಡ ದಪ್ಪ ಮೈಕ್ರೋಫೈಬರ್ ಟವೆಲ್ ತಗೊಳ್ಳಿ. ಅಂಚಿನಲ್ಲಿ ಗಟ್ಟಿ ಹೊಲಿಗೆ ಇರಬಾರದು, ಲೇಬಲ್ ಇದ್ದರೆ ಕತ್ತರಿಸಿಬಿಡಿ. ಬಾನೆಟ್ ಮೇಲೆ ಪೂರ್ತಿ ಹರಡಿ, ಅಂಗೈಯಲ್ಲಿ ಮೆಲ್ಲಗೆ ತಟ್ಟಿ ಎತ್ತಿ. ಗಡಸು ನೀರಾದರೆ ತಾನಾಗಿ ಒಣಗಲು ಬಿಡಬೇಡಿ. ನೀರು ಆವಿಯಾದ ಮೇಲೆ ಅದರೊಳಗಿನ ಸುಣ್ಣದ ಅಂಶ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಅದನ್ನು ತೆಗೆಯಲು ಹೋಗಿ ಜನ ಮತ್ತೆ ಉಜ್ಜುತ್ತಾರೆ. ಬಾನೆಟ್ ಬಿಸಿಯಾಗಿರುವಾಗ ತೊಳೆಯಬೇಡಿ ಎನ್ನುವುದೂ ಇದಕ್ಕೇ.

ಹಕ್ಕಿ ಹಿಕ್ಕೆ ಬಿದ್ದರೆ ಮಾತ್ರ ವಾರದ ತೊಳೆತಕ್ಕೆ ಕಾಯಬೇಡಿ. ಅದರಲ್ಲಿ ಆಮ್ಲ ಇರುತ್ತದೆ, ಬಿಸಿಲಿಗೆ ಕಾದರೆ ಕ್ಲಿಯರ್ ಕೋಟ್ ಮೇಲೆ ಗುರುತು ಕೂರುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಕೆಲ ನಿಮಿಷ ಹಾಕಿಡಿ, ಮೆತ್ತಗಾದ ಮೇಲೆ ಮೇಲಕ್ಕೆ ಎತ್ತಿ ತೆಗೆಯಿರಿ. ಉಜ್ಜಬೇಡಿ, ಕಾಳಿನ ಚೂರು ಇರಬಹುದು.

ಪ್ರಶ್ನೆ ಕೇಳಿದವರು

ಸರಿ. ಒಣ ಬಟ್ಟೆ ಇವತ್ತೇ ನಿಲ್ಲಿಸಿದೆ. ಸ್ಪ್ರೇಯರ್ ಮತ್ತು ಮೈಕ್ರೋಫೈಬರ್ ಬಟ್ಟೆ ತರುತ್ತೇನೆ. ಆ ಬಟ್ಟೆಗಳನ್ನು ಮನೆಯ ಬಟ್ಟೆ ಜೊತೆ ಮೆಷಿನ್‌ಗೆ ಹಾಕಬಹುದಾ?

ಉತ್ತರ 4

ಬೇಡ, ಬೇರೆಯಾಗಿ ಹಾಕಿ. ಹತ್ತಿ ಬಟ್ಟೆಯ ಜುಂಗು ಮೈಕ್ರೋಫೈಬರ್‌ಗೆ ಅಂಟಿಕೊಂಡರೆ ಬಿಡುವುದೇ ಇಲ್ಲ. ಬಿಸಿನೀರು ಬೇಡ, ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಬೇಡವೇ ಬೇಡ, ಎಳೆಗಳ ಮೇಲೆ ಪದರ ಕಟ್ಟಿ ನೀರು ಹೀರುವುದು ಕಡಿಮೆಯಾಗುತ್ತದೆ. ಚಕ್ರ ಒರೆಸಿದ ಬಟ್ಟೆಗಳನ್ನು ಇವುಗಳ ಜೊತೆ ಸೇರಿಸಬೇಡಿ. ನಾನು ಅವಕ್ಕೆ ಬೇರೆ ಬಣ್ಣದ್ದು ಇಟ್ಟುಕೊಂಡಿದ್ದೇನೆ.

ಉತ್ತರ 2 ಬರೆದವರು

ಒಣಗಿದ ಮೇಲೆ ಬಟ್ಟೆಯನ್ನು ಕೊಡವಿ, ಬೆರಳಾಡಿಸಿ ನೋಡಿ, ಆಮೇಲೆ ಮುಚ್ಚಿದ ಡಬ್ಬದಲ್ಲಿ ಇಡಿ. ಡಿಕ್ಕಿಯಲ್ಲಿ ಹಾಗೇ ಎಸೆದಿಟ್ಟರೆ ಮತ್ತೆ ದೂಳು ಹಿಡಿಯುತ್ತದೆ. ಒಂದೆರಡು ತಿಂಗಳು ಹೀಗೆ ತೊಳೆದು, ಬಿಸಿಲಿನಲ್ಲಿ ಒಂದೇ ಜಾಗದ ಫೋಟೊ ತೆಗೆದು ಹೋಲಿಸಿ. ಹೊಸ ಗೀರು ಸೇರದೇ ಇದ್ದರೆ ಆಗ ಪಾಲಿಶ್ ಮಾಡಿಸಿ. ಮಾಡುವವರಿಗೆ ಮೊದಲು ಪೇಂಟಿನ ದಪ್ಪ ಅಳೆಯಲು ಹೇಳಿ, ಅದಕ್ಕೆ ಮೀಟರ್ ಬರುತ್ತದೆ. ಅಳೆಯದೆ ಮೆಷಿನ್ ಇಡುವವರ ಹತ್ತಿರ ಕಾರು ಬಿಡಬೇಡಿ.