ಪದ ಬೇಕಾಗಿದೆ: ‘ಸೀಪೇಜ್’ ಅಂದರೆ ಸೋರಿಕೆಯೋ, ಒಸರೋ?

ಎಲ್ಲರಿಗೂ ನಮಸ್ಕಾರ. ಕೆನಡಾದ ಆಲ್ಬರ್ಟಾದಲ್ಲಿರುವ ಆಯಿಲ್ ಸ್ಯಾಂಡ್ಸ್ ಗಣಿಗಳ ಬಗ್ಗೆ ಬರೆಯುತ್ತಿದ್ದೇನೆ (ಎಣ್ಣೆಮರಳು ಅಂತ ಇಟ್ಟುಕೊಂಡಿದ್ದೇನೆ, ಅದರಲ್ಲಿ ತಕರಾರಿಲ್ಲ ಅಲ್ವಾ?). ‘ಸೀಪೇಜ್’ಗೆ, ಅಂದ್ರೆ ನೀರೋ ಎಣ್ಣೆಯೋ ಮೆಲ್ಲಗೆ ಹೊರಬರುವುದಕ್ಕೆ, ಮಾತ್ರ ಸರಿಯಾದ ಪದ ಸಿಗುತ್ತಿಲ್ಲ.

ಫೋರ್ಟ್ ಮ್ಯಾಕ್‌ಮರಿ ಸುತ್ತ ಮರಳಿಗೆ ಟಾರಿನಂಥ ಬಿಟುಮೆನ್ ಅಂಟಿಕೊಂಡಿದೆ. ಮರಳನ್ನು ಅಗೆದು ಬಿಸಿನೀರಲ್ಲಿ ತೊಳೆದು ಅದನ್ನು ಬಿಡಿಸುತ್ತಾರೆ. 1967ರಿಂದ ದೊಡ್ಡ ಮಟ್ಟದಲ್ಲಿ ಇದು ನಡೆದಿದೆ. ತೊಳೆದು ಉಳಿದ ನೀರು, ಜೇಡಿ ಎಲ್ಲ ಏರಿ ಕಟ್ಟಿದ ಭಾರಿ ಹೊಂಡಗಳಿಗೆ ಹೋಗುತ್ತದೆ. ಅದರಲ್ಲಿ ಬಿಟುಮೆನ್ನಿನಿಂದ ಬಂದ ನ್ಯಾಫ್ತೆನಿಕ್ ಆಮ್ಲಗಳಿರುತ್ತವೆ, ಮೀನಿಗೆ ವಿಷ. ಈ ನೀರು ಅಂತರ್ಜಲಕ್ಕೆ ಇಳಿದರೆ ಪಕ್ಕದ ಅಥಬಾಸ್ಕಾ ನದಿಗೂ ಸೇರಬಹುದು.

ತೊಡಕು ಏನಂದ್ರೆ, ಗಣಿಯೇ ಇಲ್ಲದ ಕಡೆಯೂ ಅಂತರ್ಜಲದಲ್ಲಿ ಇದೇ ಆಮ್ಲಗಳು ಸಿಗುತ್ತವೆ. ನದಿ ಎಣ್ಣೆಮರಳಿನ ಪದರವನ್ನೇ ಕೊರೆದುಕೊಂಡು ಹರಿಯುತ್ತದೆ, ದಡದಲ್ಲಿ ಬಿಟುಮೆನ್ ತಾನಾಗೇ ಜಿನುಗುತ್ತದೆ. ಹಾಗಾಗಿ ಆಮ್ಲ ಸಿಕ್ಕಿತು ಅಂದ ಮಾತ್ರಕ್ಕೆ ಹೊಂಡದ್ದೇ ಅನ್ನೋಕಾಗಲ್ಲ. ನೀರಲ್ಲಿರುವ ಸಾವಿರಾರು ಸಂಯುಕ್ತಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ (ಅಣುಗಳನ್ನು ತೂಕದ ಮೇಲೆ ಗುರುತಿಸುವ ಯಂತ್ರ) ಬಿಡಿಸಿ, ಯಾವುದು ಎಷ್ಟು ಪಾಲಿದೆ ಅಂತ ಹೋಲಿಸಿ ನೋಡಬೇಕು. ಜೊತೆಗೆ ಆಮ್ಲಜನಕ, ಜಲಜನಕದ ಐಸೊಟೋಪುಗಳನ್ನೂ (ಅದೇ ಧಾತುವಿನ ಹಗುರ, ಭಾರದ ರೂಪಗಳು) ಅಳೆಯುತ್ತಾರೆ, ಯಾಕಂದ್ರೆ ಬಯಲಲ್ಲಿ ನಿಂತ ನೀರು ಆವಿಯಾಗುವಾಗ ಹಗುರವಾದ ಅಣುಗಳು ಬೇಗ ಹಾರಿ ಭಾರದವು ಜಾಸ್ತಿ ಉಳಿಯುತ್ತವೆ, ಅದು ಹೊಂಡದ ನೀರಿಗೆ ಒಂದು ಗುರುತು. ಹೊಂಡದ ಪಕ್ಕದ ಕೆಲವು ಅಂತರ್ಜಲ ಮಾದರಿಗಳು ಹೊಂಡದ ನೀರನ್ನೇ ಹೋಲುತ್ತವೆ ಅಂತ ಕೆನಡಾ ಸರ್ಕಾರದ ವಿಜ್ಞಾನಿಗಳು 2014ರಲ್ಲಿ ಬರೆದರು.

ಈಗ ಪದದ ವಿಷಯ. ಹೊಂಡದಿಂದ ಬಂದದ್ದು, ನೆಲದಿಂದ ತಾನಾಗೇ ಬಂದದ್ದು, ಇಂಗ್ಲಿಷಿನವರು ಎರಡಕ್ಕೂ ‘ಸೀಪೇಜ್’ ಅಂದು ಪಾರಾಗುತ್ತಾರೆ. ಕನ್ನಡದಲ್ಲಿ ಕೊಡ ಸೋರುತ್ತದೆ, ಮಾಡು ಸೋರುತ್ತದೆ, ಕೆರೆ ಏರಿ ಸೋರುತ್ತದೆ. ಹಿಡಿದಿಡಬೇಕಾದ್ದು ಬಿಟ್ಟುಕೊಟ್ಟರೆ ಸೋರಿಕೆ. ಮೂಲ ಗೊತ್ತಾಗುವ ಮೊದಲೇ ನಾನು ‘ಸೋರಿಕೆ’ ಅಂತ ಬರೆದರೆ ತೀರ್ಪು ಕೊಟ್ಟ ಹಾಗೆ. ‘ಒಸರು’ ಅಂದರೆ ಬಂಡೆ, ಮಣ್ಣಿನಿಂದ ತಾನಾಗೇ ಬಂದದ್ದು, ಕಂಪನಿಗೆ ಸುಮ್ನೆ ಕ್ಲೀನ್ ಚಿಟ್! ‘ಒರತೆ’ಗೆ ಕುಡಿಯೋ ನೀರಿನ ನೆನಪು ಅಂಟಿದೆ. ‘ಜಿನುಗು’ ಯಾರ ಕಡೆಗೂ ವಾಲುವುದಿಲ್ಲ, ಆದರೆ ಅದು ತೀರಾ ಸಣ್ಣ ಪ್ರಮಾಣಕ್ಕೆ ಆಯಿತು. 2022ರಲ್ಲಿ ಆಲ್ಬರ್ಟಾದ ಕರ್ಲ್ ಎಂಬ ಎಣ್ಣೆಮರಳಿನ ಗಣಿಯಲ್ಲಿ ಹೊಂಡದ ನೀರು ಹೊರಬಂದದ್ದು ಅನುಮಾನವಿಲ್ಲದೆ ಸೋರಿಕೆ. 2023ರ ಫೆಬ್ರವರಿಯಲ್ಲಿ ಅಲ್ಲೇ 53 ಲಕ್ಷ ಲೀಟರ್ ಕೊಳಕು ನೀರು ತುಂಬಿ ಹರಿಯಿತು, ಅದಕ್ಕಂತೂ ಪದದ ಕಷ್ಟವಿಲ್ಲ.

ಇನ್ನೊಂದು, ‘ಟೇಲಿಂಗ್ಸ್’, ಅಂದ್ರೆ ಹೊಂಡಕ್ಕೆ ಬಿಡುವ ಆ ತೊಳೆದು ಉಳಿದ ನೀರು, ಜೇಡಿ. ಕುದುರೆಮುಖದ ಲಕ್ಯಾ ಅಣೆಕಟ್ಟಿನಲ್ಲಿ ತುಂಬಿರೋದೂ ಅದೇ ಜಾತಿಯದು. ಅದನ್ನು ‘ಹೂಳು’ ಅನ್ನುವುದು ನನಗೆ ಒಪ್ಪಿಗೆಯಿಲ್ಲ, ಹೂಳು ಮಳೆನೀರು ತಂದು ಹಾಕುವಂಥದ್ದು. ಕುದುರೆಮುಖ, ಕೆಜಿಎಫ್, ಸಂಡೂರಿನ ಕಡೆಯವರು ಯಾರಾದರೂ ಇದ್ದರೆ, ಗಣಿ ಕೆಲಸದವರ ಬಾಯಲ್ಲಿ ಇದಕ್ಕೆ ಏನಂತಾರೆ ಹೇಳ್ತೀರಾ?