ತೆರಿಗೆ ಕಟ್ಟಿದವರಿಗಷ್ಟೇ ಮತವೇ? 1987ರ ಬ್ಯಾಚ್ ಗುಂಪಿನಲ್ಲಿ ನಡೆದ ಚರ್ಚೆ

ಗಿರೀಶ (ಡಲ್ಲಾಸ್):
ಮೇಲೆ ಹಾಕಿರುವ ಚಿತ್ರದಲ್ಲಿನ ಬರಹವನ್ನು ಎಲ್ಲರೂ ದಯವಿಟ್ಟು ಓದಿ. 2024ರ ನವೆಂಬರ್ 5ರಂದು ಅಮೆರಿಕದ ಜನ ಅಧ್ಯಕ್ಷೀಯ ಚುನಾವಣೆಯಲ್ಲಿ ತೀರ್ಪು ಕೊಟ್ಟಾಯಿತು. ಹಾಗಿದ್ದರೂ ಒಂದು ವರ್ಷದ ಬಳಿಕ, ಆರೋಗ್ಯ ವಿಮೆಯ ಸಬ್ಸಿಡಿಯನ್ನು ಮುಂದುವರಿಸಬೇಕೆಂಬ ವಿರೋಧ ಪಕ್ಷದ ಹಟದಲ್ಲಿ ಫೆಡರಲ್ (ಕೇಂದ್ರ) ಸರ್ಕಾರ 43 ದಿನ ಸ್ಥಗಿತವಾಗಿ ನಿಂತಿತು. ಚಿತ್ರದಲ್ಲಿ ಹೇಳಿರುವುದು ನನಗೆ ಸರಿ ಎನಿಸುತ್ತದೆ: ಅರ್ಧ ದೇಶ ಆದಾಯ ತೆರಿಗೆ ಕಟ್ಟುವುದಿಲ್ಲ, ಅವರ ಆಸ್ಪತ್ರೆಯ ಖರ್ಚನ್ನು ಉಳಿದರ್ಧ ಹೊರುತ್ತದೆ, ಪೌರತ್ವವಿಲ್ಲದವರೂ ಮತದಾರರ ಪಟ್ಟಿಯೊಳಗೆ ಸೇರಿ ಮತ ಹಾಕುತ್ತಾರೆ. ಆದಾಯ ತೆರಿಗೆ ಕಟ್ಟಿದವರಿಗೆ ಮಾತ್ರ ಮತ ಎಂಬ ನಿಯಮ ಬಂದರೆ ಈ ಮೂರೂ ಒಟ್ಟಿಗೆ ಸರಿಹೋಗುತ್ತವೆ.

ವಸುಧಾ (ನ್ಯೂಜೆರ್ಸಿ):
ಗಿರೀಶ್, ನಾನು ಈ ಗುಂಪಿನಲ್ಲಿ ರಾಜಕೀಯ ಬರೆಯುವವಳಲ್ಲ. ಆದರೆ ಈ ಚಿತ್ರಕ್ಕೆ ಉತ್ತರ ಕೊಡದೆ ಇರಲು ನನಗೆ ಸಾಧ್ಯವಾಗುತ್ತಿಲ್ಲ, ಏಕೆಂದರೆ ಅದರಲ್ಲಿ "ಅವರು" ಎಂದು ಬೆರಳು ಮಾಡಿ ತೋರಿಸಿರುವ ಸಾಲಿನಲ್ಲಿ ನಮ್ಮ ಬ್ಯಾಚಿನವರೂ ನಿಂತಿದ್ದಾರೆ.

ಮೊದಲು ತೆರಿಗೆ. ಈಚಿನ ವರ್ಷಗಳಲ್ಲಿ ಫೆಡರಲ್ ಆದಾಯ ತೆರಿಗೆ ಕಟ್ಟಬೇಕಾಗಿ ಬಾರದ ಕುಟುಂಬಗಳು ಸುಮಾರು ಶೇಕಡಾ 40ರಷ್ಟಿವೆ, ಅರ್ಧವಲ್ಲ. ಅವರಲ್ಲಿ ಬಹುಪಾಲು ಪಿಂಚಣಿಯಲ್ಲಿ ಬದುಕುವ ಹಿರಿಯರು, ಕಡಿಮೆ ಸಂಬಳದ ಕೆಲಸಗಾರರು, ಮಕ್ಕಳ ಲೆಕ್ಕದಲ್ಲಿ ರಿಯಾಯಿತಿ ಪಡೆದ ತಂದೆತಾಯಿಯರು. ಹೋಟೆಲಿನಲ್ಲಿ ಪಾತ್ರೆ ತೊಳೆಯುವವನ ಸಂಬಳದಲ್ಲೂ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಗೆ ಶೇಕಡಾ 6.2, ಮೆಡಿಕೇರ್ ಎಂಬ ಹಿರಿಯರ ಸರ್ಕಾರಿ ಆರೋಗ್ಯ ವಿಮೆಗೆ ಶೇಕಡಾ 1.45 ಮೊದಲ ಡಾಲರಿನಿಂದಲೇ ಕಡಿತವಾಗುತ್ತದೆ, ಅಂಗಡಿಯಲ್ಲಿ ಕೊಳ್ಳುವಾಗ ಮಾರಾಟ ತೆರಿಗೆ, ಬಾಡಿಗೆಯೊಳಗೆ ಅಡಗಿರುವ ಆಸ್ತಿ ತೆರಿಗೆ ಬೇರೆ. ಇವರನ್ನು ತೆರಿಗೆ ಕಟ್ಟದವರು ಎಂದು ಕರೆಯುವುದು ಲೆಕ್ಕದ ದೃಷ್ಟಿಯಿಂದಲೇ ತಪ್ಪು.

ಇನ್ನು ನಮ್ಮದೇ ವಿಷಯಕ್ಕೆ ಬರೋಣ. ನಾವು ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಬಂದವರು ಪೌರತ್ವ ಸಿಗುವವರೆಗೆ, ಕೆಲವರು ಒಂದೂವರೆ ದಶಕಕ್ಕೂ ಹೆಚ್ಚು ಕಾಲ, ಸಂಬಳದ ಪ್ರತಿ ಚೀಟಿಯಲ್ಲೂ ಪೂರ್ತಿ ತೆರಿಗೆ ಕಟ್ಟಿದೆವು, ಒಂದು ಮತವನ್ನೂ ಹಾಕಲಿಲ್ಲ. ಅಂದರೆ ಈ ದೇಶದಲ್ಲಿ ತೆರಿಗೆಗೂ ಮತಕ್ಕೂ ಗಂಟು ಹಾಕಿಲ್ಲ ಎಂಬುದಕ್ಕೆ ನಾವೇ ಸಾಕ್ಷಿ. ಅಂದು ತೆರಿಗೆ ಕಟ್ಟಿದ್ದರಿಂದ ಮತ ಬರಲಿಲ್ಲ, ಏಕೆಂದರೆ ಮತ ಪೌರತ್ವಕ್ಕೆ ಸೇರಿದ್ದು. ಹಾಗಿರುವಾಗ ಪೌರನಾದವನ ಮತವನ್ನು ತೆರಿಗೆಯ ಹೆಸರಿನಲ್ಲಿ ಕಿತ್ತುಕೊಳ್ಳುವುದು ಯಾವ ನ್ಯಾಯ?

ಶ್ರೀಧರ (ಮೈಸೂರು):
ವಸುಧಾ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ನಾನು ಹತ್ತು ವರ್ಷ ತುಂಬುವ ಮೊದಲೇ ಕ್ಯಾಲಿಫೋರ್ನಿಯಾ ಬಿಟ್ಟು ಬಂದವನು. ಸೋಷಿಯಲ್ ಸೆಕ್ಯುರಿಟಿಯ ನಿವೃತ್ತಿ ಹಣ ಸಿಗಲು 40 ತ್ರೈಮಾಸಿಕಗಳ ಲೆಕ್ಕ ಬೇಕು, ಭಾರತ ಮತ್ತು ಅಮೆರಿಕದ ನಡುವೆ ಆ ಲೆಕ್ಕವನ್ನು ಕೂಡಿಸಿಕೊಳ್ಳುವ ಒಪ್ಪಂದ ಇಂದಿಗೂ ಇಲ್ಲ. ಆದ್ದರಿಂದ ನಾನು ಕಟ್ಟಿದ್ದೆಲ್ಲ ಅಲ್ಲಿಯ ಹಿರಿಯರ ಪಿಂಚಣಿಗೆ ಹೋಯಿತು. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಗಿರೀಶ, ಯಾರ ಖರ್ಚನ್ನು ಯಾರು ಹೊರುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಎತ್ತುವ ಮುನ್ನ ನನ್ನಂಥವರನ್ನೂ ಲೆಕ್ಕಕ್ಕೆ ಹಿಡಿ.

ಮತ್ತೊಂದು ಮಾತು. ಕಂದಾಯ ಕಟ್ಟುವವರಿಗೆ ಮಾತ್ರ ಪ್ರಾತಿನಿಧ್ಯ ಎಂಬುದು ನಮ್ಮ ಊರಿಗೆ ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಕುಳಿತವರು ಜಮೀನುದಾರ ರೈತರು ಮತ್ತು ವ್ಯಾಪಾರಿಗಳು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ, ನಿಜ. ಆದರೆ ನಮ್ಮಲ್ಲಿ ಎಷ್ಟೋ ಮಂದಿಯ ಅಜ್ಜ ಅಜ್ಜಿಯರಿಗೆ ಮೊದಲ ಮತ ಸಿಕ್ಕಿದ್ದು 1951-52ರ ಚುನಾವಣೆಯಲ್ಲಿ, ಆಸ್ತಿ, ಓದು, ತೆರಿಗೆ ಯಾವುದನ್ನೂ ಕೇಳದ ಸಂವಿಧಾನ ಬಂದ ಮೇಲೆ.

ಗಿರೀಶ (ಡಲ್ಲಾಸ್):
ಇತಿಹಾಸ ಗೊತ್ತಿದೆ. ಅಮೆರಿಕದಲ್ಲೂ ಮತ ಹಾಕಲು ತಲೆಗಂದಾಯ ಕಟ್ಟಿಸುವ ಪದ್ಧತಿಯನ್ನು 1964ರ 24ನೇ ತಿದ್ದುಪಡಿ ಫೆಡರಲ್ ಚುನಾವಣೆಗಳಲ್ಲಿ ನಿಷೇಧಿಸಿತು, ಆದ್ದರಿಂದ ತೆರಿಗೆ ಕಟ್ಟಿದವರಿಗಷ್ಟೇ ಮತ ಎಂಬ ಚಿತ್ರದ ಸಾಲು ಕಾನೂನಾಗುವುದಿಲ್ಲ ಎಂದೂ ತಿಳಿದಿದೆ. ನನ್ನ ಸಿಟ್ಟು ಇರುವುದು ಎರಡರ ಮೇಲೆ. ಒಂದು, ಪೌರತ್ವದ ದಾಖಲೆ ತೋರಿಸಿ ಎಂದರೆ ಏಕೆ ಇಷ್ಟು ಗದ್ದಲ? ಭಾರತದಲ್ಲಿ ಮತದಾರರ ಗುರುತಿನ ಚೀಟಿ ಎಲ್ಲರಿಗೂ ಇದೆ. ಇನ್ನೊಂದು, ನಾನು ದುಡಿದು ವಿಮೆ ಕೊಂಡುಕೊಳ್ಳುವಾಗ ಬೇರೆಯವರ ವಿಮೆಗೂ ನಾನೇ ಏಕೆ ಕೊಡಬೇಕು?

ಮೀನಾಕ್ಷಿ (ಅಟ್ಲಾಂಟಾ):
ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ಪೌರತ್ವವಿಲ್ಲದವರು ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದು 1996ರ ಕಾನೂನಿನ ಪ್ರಕಾರ ಅಪರಾಧ, ಜೈಲು ಮತ್ತು ಗಡೀಪಾರು ಎರಡೂ ಕಾದಿರುತ್ತವೆ. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತವರು ಒಂದು ಮತಕ್ಕಾಗಿ ಅದನ್ನೆಲ್ಲ ಪಣಕ್ಕಿಡುತ್ತಾರೆಯೇ? ನಮ್ಮ ಜಾರ್ಜಿಯಾದಲ್ಲಿ 2024ರಲ್ಲಿ ರಿಪಬ್ಲಿಕನ್ ಪಕ್ಷದವರೇ ಆದ ರಾಜ್ಯ ಕಾರ್ಯದರ್ಶಿ ಇಡೀ ಪಟ್ಟಿಯನ್ನು ಜಾಲಾಡಿಸಿದರು. ಸುಮಾರು 82 ಲಕ್ಷ ಹೆಸರುಗಳಲ್ಲಿ ಪೌರರಲ್ಲದವರು ಸಿಕ್ಕಿದ್ದು 20 ಮಂದಿ.

ಅದಕ್ಕೆ ಪ್ರತಿಯಾಗಿ ಕ್ಯಾನ್ಸಸ್ ರಾಜ್ಯವನ್ನು ನೋಡಿ. ಅಲ್ಲಿ 2013ರಿಂದ ಪೌರತ್ವದ ದಾಖಲೆ ಕಡ್ಡಾಯ ಮಾಡಿದಾಗ ಸುಮಾರು 31,000 ಮಂದಿಯ ನೋಂದಣಿ ನಿಂತುಹೋಯಿತು. ಅವರಲ್ಲಿ ಹೆಚ್ಚಿನವರು ಅರ್ಹ ಪೌರರೇ ಆಗಿದ್ದರು. ಆ ಕಾನೂನನ್ನು 2018ರಲ್ಲಿ ಫೆಡರಲ್ ನ್ಯಾಯಾಲಯ ಹೊಡೆದುಹಾಕಿತು. ಅದೇ ಬಗೆಯ ನಿಯಮವನ್ನು ಇಡೀ ದೇಶಕ್ಕೆ ಹೊರಿಸುವ ಸೇವ್ ಮಸೂದೆ 2025ರ ಏಪ್ರಿಲ್‌ನಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಗಿ ಸೆನೆಟ್ಟಿನ ಮುಂದೆ ಹೋಯಿತು.

ಭಾರತದ ಹೋಲಿಕೆ ಇಲ್ಲಿ ಹೊಂದುವುದಿಲ್ಲ, ಗಿರೀಶ್. ಅಲ್ಲಿ ಮತಗಟ್ಟೆ ಅಧಿಕಾರಿ ಮನೆ ಬಾಗಿಲಿಗೆ ಬಂದು ಹೆಸರು ಸೇರಿಸುತ್ತಾರೆ, ಹೊಸ ಮತದಾರನಿಗೆ ಚೀಟಿಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ. ಇಲ್ಲಿ ವಯಸ್ಕನೊಬ್ಬ ಮೊದಲ ಬಾರಿಗೆ ಪಾಸ್‌ಪೋರ್ಟ್ ಮಾಡಿಸಲು 165 ಡಾಲರ್ ಕಟ್ಟಬೇಕು. ನಮ್ಮವರ ಹೆಸರಿನ ಪಾಡು ನಿಮಗೆ ಗೊತ್ತೇ ಇದೆ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಬಿಡಿಸಿ ಬರೆದು, ಯಾವುದೋ ಒಂದನ್ನು ಮನೆತನದ ಹೆಸರಾಗಿಸಿ, ಮದುವೆಯ ನಂತರ ಮತ್ತೊಮ್ಮೆ ಬದಲಾಗಿ, ನನ್ನ ಜನನ ಪ್ರಮಾಣಪತ್ರ, ಹಳೆಯ ಪಾಸ್‌ಪೋರ್ಟ್, ಪೌರತ್ವದ ಪತ್ರ, ಚಾಲನಾ ಪರವಾನಗಿ ನಾಲ್ಕರಲ್ಲೂ ನನ್ನ ಹೆಸರು ಒಂದೇ ರೀತಿ ಇಲ್ಲ. ಈ ನಿಯಮ ಬಂದರೆ ಮೊದಲು ಕೌಂಟರಿನಿಂದ ವಾಪಸು ಬರುವವರಲ್ಲಿ ನಾನೂ ಇರುತ್ತೇನೆ, ತೆರಿಗೆಯನ್ನು ಪೂರ್ತಿ ಕಟ್ಟಿಯೂ.

ವಸುಧಾ (ನ್ಯೂಜೆರ್ಸಿ):
ಎರಡನೆಯದು ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ್ದು. ಗಿರೀಶ್, ನಿಮ್ಮ ವಿಮೆಯನ್ನು ನೀವೊಬ್ಬರೇ ಕೊಳ್ಳುತ್ತಿಲ್ಲ. ಆರೋಗ್ಯ ನೀತಿಯನ್ನು ಅಧ್ಯಯನ ಮಾಡುವ ಕೆಎಫ್‌ಎಫ್ ಸಂಸ್ಥೆಯ ಸಮೀಕ್ಷೆಯಂತೆ 2024ರಲ್ಲಿ ಕಂಪನಿಗಳ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ಪ್ರೀಮಿಯಂ 25,572 ಡಾಲರ್, ಅದರಲ್ಲಿ ನೌಕರನ ಪಾಲು 6,296. ಉಳಿದದ್ದನ್ನು ಕಂಪನಿ ಕೊಡುತ್ತದೆ, ಮತ್ತು ಕಂಪನಿ ಕೊಡುವ ಆ ಹಣಕ್ಕೆ ನೀವು ಆದಾಯ ತೆರಿಗೆ ಕಟ್ಟುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಂಬಳ ಏರಿಸುವುದಕ್ಕೆ ನಿರ್ಬಂಧವಿದ್ದಾಗ ಬೇರೂರಿದ ಈ ವಿನಾಯಿತಿ ಇಂದು ಫೆಡರಲ್ ಖಜಾನೆ ಬಿಟ್ಟುಕೊಡುವ ಅತಿ ದೊಡ್ಡ ತೆರಿಗೆಗಳಲ್ಲೊಂದು. ಸಂಬಳ ಹೆಚ್ಚಿದ್ದಷ್ಟೂ ಲಾಭ ಹೆಚ್ಚು. ಇದೂ ಸಬ್ಸಿಡಿಯೇ, ಆದರೆ ಸಂಬಳದ ಚೀಟಿಯಲ್ಲಿ ಆ ಹೆಸರಿನಲ್ಲಿ ಮುದ್ರಣವಾಗುವುದಿಲ್ಲ.

ಈಗ ನಮ್ಮ ಬ್ಯಾಚಿನ ವಯಸ್ಸನ್ನು ನೋಡಿ. ನಾವೆಲ್ಲ 60ರ ಆಸುಪಾಸಿನಲ್ಲಿದ್ದೇವೆ, ಮೆಡಿಕೇರ್ ಸಿಗುವುದು 65ಕ್ಕೆ. ಈ ನಡುವಿನ ವರ್ಷಗಳಲ್ಲಿ ಕೆಲಸ ಕಳೆದುಕೊಂಡವರು, ಸಣ್ಣ ಕನ್ಸಲ್ಟಿಂಗ್ ಮಾಡಿಕೊಂಡಿರುವವರು ಈ ಗುಂಪಿನಲ್ಲೇ ಇದ್ದಾರೆ. ಅವರ ಹೆಸರು ಹೇಳುವುದಿಲ್ಲ, ನಿಮಗೂ ಗೊತ್ತು. ವರ್ಷಕ್ಕೆ 85,000 ಡಾಲರ್ ವರಮಾನದ 60ರ ದಂಪತಿಗಳು 2025ರಲ್ಲಿ ವರಮಾನದ ಶೇಕಡಾ 8.5ರಷ್ಟು, ಅಂದರೆ 7,225 ಡಾಲರ್ ಕೊಟ್ಟರೆ ಸರ್ಕಾರ ನಡೆಸುವ ವಿಮಾ ಮಾರುಕಟ್ಟೆಯ ಮಧ್ಯಮ ದರ್ಜೆಯ ವಿಮೆ ಸಿಗುತ್ತಿತ್ತು. ಹೆಚ್ಚುವರಿ ಸಬ್ಸಿಡಿ 2025ರ ಡಿಸೆಂಬರ್ 31ಕ್ಕೆ ಮುಗಿದಾಗ ಅವರು ವರಮಾನದ ಮಿತಿ ದಾಟಿದವರಾದರು, ಸಹಾಯ ಪೂರ್ತಿ ನಿಂತಿತು, ಕೆಎಫ್‌ಎಫ್ ಅಂದಾಜಿನಂತೆ ವರ್ಷಕ್ಕೆ 22,000 ಡಾಲರಿಗೂ ಹೆಚ್ಚು ಹೊರೆ ಮೇಲೆ ಬಿತ್ತು. ನಾಲ್ಕು ದಶಕ ದುಡಿದು, ಎಲ್ಲ ತೆರಿಗೆ ಕಟ್ಟಿ, ಈಗ ಎದೆನೋವು ಬಂದರೂ ಎಮರ್ಜೆನ್ಸಿಗೆ ಹೋಗಲೋ ಬೇಡವೋ ಎಂದು ಲೆಕ್ಕ ಹಾಕಬೇಕಾದ ಸ್ಥಿತಿ ನಮ್ಮ ಗೆಳೆಯರಿಗೆ ಬರಬಾರದು ಎಂಬುದಷ್ಟೇ ನನ್ನ ಸಂಕಟ.

ಮೀನಾಕ್ಷಿ (ಅಟ್ಲಾಂಟಾ):
ಕಾಗದಪತ್ರದ ತೊಡಕು ಆರೋಗ್ಯದಲ್ಲೂ ಇದೆ. 2025ರ ಜುಲೈ 4ರಂದು ಸಹಿಯಾದ ಕಾನೂನು 2027ರಿಂದ ಮೆಡಿಕೇಡ್ ಎಂಬ ಬಡವರ ಸರ್ಕಾರಿ ಆರೋಗ್ಯ ವಿಮೆ ಪಡೆಯುವ ಅನೇಕ ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸ ಮಾಡಿದ್ದಕ್ಕೆ ಪುರಾವೆ ಕೊಡಬೇಕೆನ್ನುತ್ತದೆ. ಜಾರ್ಜಿಯಾದಲ್ಲಿ ಇಂಥದ್ದೇ ಯೋಜನೆ 2023ರ ಜುಲೈಯಿಂದ ನಡೆಯುತ್ತಿದೆ. ಮೊದಲ ವರ್ಷ ಮುಗಿದಾಗ ಸೇರಿದ್ದವರು 5,000 ಮಂದಿಯೂ ಇರಲಿಲ್ಲ. ಜನ ಕೆಲಸ ಮಾಡುತ್ತಿರಲಿಲ್ಲ ಎಂದಲ್ಲ, ಪ್ರತಿ ತಿಂಗಳು ಅದನ್ನು ಸಾಬೀತು ಮಾಡುವುದೇ ಅವರಿಗೆ ಇನ್ನೊಂದು ಕೆಲಸವಾಯಿತು.

ಗಿರೀಶ (ಡಲ್ಲಾಸ್):
ಗ್ರೀನ್ ಕಾರ್ಡಿನವರನ್ನೂ ನಮ್ಮನ್ನೂ ಆ ಚಿತ್ರ ಒಂದೇ ಸಾಲಿನಲ್ಲಿ ನಿಲ್ಲಿಸಿದೆ ಎಂಬುದನ್ನು ಒಪ್ಪುತ್ತೇನೆ, ಅದನ್ನು ಗುಂಪಿನಿಂದ ತೆಗೆಯುತ್ತೇನೆ. ಆದರೆ ಸಬ್ಸಿಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ವರಮಾನಕ್ಕೆ ಮೇಲ್ಮಿತಿಯೇ ಇಲ್ಲದೆ ಸಹಾಯ ಕೊಡುವುದು ಸರಿಯಲ್ಲ, ಸಾಲ ಬೆಳೆಯುತ್ತಲೇ ಇದೆ, ಅದನ್ನು ತೀರಿಸುವವರು ನಮ್ಮ ಮಕ್ಕಳು.

ವಸುಧಾ (ನ್ಯೂಜೆರ್ಸಿ):
ಮೇಲ್ಮಿತಿ ಇರಲಿ, ಎಲ್ಲಿರಬೇಕು ಎಂದು ವಾದಿಸೋಣ, ಆ ವಾದದಲ್ಲಿ ನಿಮ್ಮ ಕಡೆಗೆ ನಾನು ಅರ್ಧ ದಾರಿ ಬರುತ್ತೇನೆ. ಸಾಲದ ಮಾತಿಗೆ ಮಾತ್ರ ಬರಲಾರೆ. 2017ರ ತೆರಿಗೆ ಕಡಿತಗಳನ್ನು ಕಾಯಂ ಮಾಡಿದ ಇದೇ ಜುಲೈ ಕಾನೂನು ಹತ್ತು ವರ್ಷಗಳಲ್ಲಿ ಕೊರತೆಯನ್ನು 3.4 ಲಕ್ಷ ಕೋಟಿ ಡಾಲರಿನಷ್ಟು ಹೆಚ್ಚಿಸುತ್ತದೆ, ಸುಮಾರು ಒಂದು ಕೋಟಿ ಜನರ ವಿಮೆಯನ್ನೂ ಕಳೆಯುತ್ತದೆ ಎಂದು ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜು ಮಾಡಿದೆ. ವಿಮೆ ಕಿತ್ತುಕೊಂಡೂ ಸಾಲ ಬೆಳೆಯುವುದಾದರೆ, ಆ ಹಣ ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ನಿಮಗೂ ಇದೆ, ಹೋಟೆಲಿನ ಆ ಕೆಲಸಗಾರನಿಗೂ ಇದೆ.

ಕಂಪನಿಯ ವಿಮೆ ಇಲ್ಲದ ಗೆಳೆಯರ ಗಮನಕ್ಕೆ: ಫೆಡರಲ್ ಮಾರುಕಟ್ಟೆಯಲ್ಲಿ ಜನವರಿ 1ರಿಂದ ವಿಮೆ ಜಾರಿಯಾಗಬೇಕಾದರೆ ಡಿಸೆಂಬರ್ 15ರೊಳಗೆ ಯೋಜನೆ ಆರಿಸಿಕೊಳ್ಳಬೇಕು. ಹಳೆಯ ಯೋಜನೆ ತಾನಾಗಿಯೇ ಮುಂದುವರಿಯಲಿ ಎಂದು ಬಿಡಬೇಡಿ, ಹೊಸ ಪ್ರೀಮಿಯಂ ನೋಡಿ. ನಮೂನೆ ತುಂಬುವಲ್ಲಿ ತೊಡಕಾದರೆ ನನಗೆ ನೇರವಾಗಿ ಬರೆಯಿರಿ, ಈ ಭಾನುವಾರ ಸಂಜೆ ಕರೆ ಮಾಡಿ ಒಟ್ಟಿಗೆ ತುಂಬೋಣ.

ಗಿರೀಶ (ಡಲ್ಲಾಸ್):
ಟೆಕ್ಸಾಸಿನಲ್ಲಿರುವವರು ನನಗೆ ಬರೆಯಿರಿ. ಇಲ್ಲಿಯ ಯೋಜನೆಗಳ ಪಟ್ಟಿ ನನ್ನ ತಮ್ಮನಿಗಾಗಿ ಈಗಾಗಲೇ ತೆಗೆದಿಟ್ಟಿದ್ದೇನೆ.