ಸಹಾಯ ಬೇಕು: ಜರ್ಮನಿಯಲ್ಲಿ ಓದುತ್ತಿರುವ ತಮ್ಮನಿಗೆ ಊರಿನ ನೆನಪು ಜಾಸ್ತಿಯಾಗಿದೆ

ಎಲ್ಲರಿಗೂ ನಮಸ್ಕಾರ. ನಾವು ಉಡುಪಿ ಹತ್ತಿರದ ಕಲ್ಯಾಣಪುರದವರು. ನನ್ನ ತಮ್ಮ ಎಂ.ಎಸ್. ಮಾಡಲು ಡ್ರೆಸ್ಡೆನ್‌ಗೆ ಹೋಗಿದ್ದಾನೆ. ಓದು ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಚಳಿ ಶುರುವಾದ ಮೇಲೆ ಅವನ ಮಾತು ಕಡಿಮೆಯಾಗಿದೆ.

ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಸೂರ್ಯ ಮುಳುಗುತ್ತಾನೆ. ಭಾನುವಾರ ಹೆಚ್ಚಿನ ಅಂಗಡಿಗಳು ಬಂದ್, ಬೀದಿಯಲ್ಲಿ ಸದ್ದೇ ಇಲ್ಲ. ರಾತ್ರಿ ಎಷ್ಟೋ ಮನೆಗಳಲ್ಲಿ ಬ್ರೆಡ್, ಚೀಸ್‌ನಲ್ಲೇ ಊಟ ಮುಗಿಯುತ್ತದಂತೆ. ಹುಟ್ಟುಹಬ್ಬದವರೇ ಕೇಕ್ ತಂದು ಎಲ್ಲರಿಗೂ ಹಂಚುತ್ತಾರಂತೆ, ಅದು ಅವನಿಗೆ ತುಂಬಾ ಇಷ್ಟವಾಯಿತು. ಜನ ಒಳ್ಳೆಯವರು. ಆದರೆ ನಮ್ಮಲ್ಲಿಯ ಹಾಗೆ ಹೇಳದೆ ಕೇಳದೆ ಯಾರ ಮನೆಗೂ ಹೋಗುವಂತಿಲ್ಲ, ಅಲ್ವಾ? ನವೆಂಬರ್ ಬಂತೆಂದರೆ ಯಕ್ಷಗಾನ ಮೇಳದ ಆಟ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುತ್ತಿದ್ದ ಹುಡುಗ ಈಗ ಸುಮ್ನೆ ಕೋಣೆಯಲ್ಲಿ ಕೂತಿರುತ್ತಾನೆ. ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವನು ಊಟ ಮುಗಿಸಿ ಫೋನ್ ಮಾಡುವಾಗ ಅಮ್ಮ ಮಲಗಿರುತ್ತಾರೆ.

ಡ್ರೆಸ್ಡೆನ್ ಅಥವಾ ಲೈಪ್‌ಜಿಗ್ ಕಡೆ ಕನ್ನಡ, ತುಳು ಮಾತಾಡುವ ಕುಟುಂಬ ಯಾರಾದರೂ ಇದ್ದಾರಾ? ಒಂದು ಭಾನುವಾರ ಕರೆದು ಮಾತಾಡಿಸಿದರೂ ದೊಡ್ಡ ಉಪಕಾರ.

ಒಂದು ಪಾರ್ಸೆಲ್ ಕೂಡ ಕಳಿಸಬೇಕು. ಅಲ್ಲಿಗೆ ಅಂಚೆಯಲ್ಲಿ ಹಾಲು, ಮಾಂಸದ ಪದಾರ್ಥ ಕಳಿಸುವಂತಿಲ್ಲ. ಹಾಗಾಗಿ ತುಪ್ಪ, ಪೇಡ ಬಿಟ್ಟೆವು. ಉಡುಗೊರೆ 45 ಯೂರೋ ಒಳಗಿದ್ದರೆ ಸುಂಕ ಇಲ್ಲ. ಹಲಸಿನ ಹಪ್ಪಳ, ಕೋರಿ ರೊಟ್ಟಿ (ಬರೀ ಅಕ್ಕಿಯ ಗರಿಗರಿ ಒಣ ರೊಟ್ಟಿ), ಅಮ್ಮನ ಸಾರಿನ ಪುಡಿ ತೆಗೆದಿಟ್ಟಿದ್ದೇವೆ. ರೊಟ್ಟಿ ಪುಡಿಯಾಗದ ಹಾಗೆ ಪ್ಯಾಕ್ ಮಾಡುವುದು ಹೇಗೆ? ಕಳಿಸಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಜನವರಿಯಲ್ಲಿ ಉಡುಪಿ, ಮಂಗಳೂರಿನಿಂದ ಆ ಕಡೆ ಹೊರಡುವವರಿದ್ದರೂ ಹೇಳಿ.